ಜಾಗತಿಕ ಹವಾಮಾನ ಮಾದರಿಯೊಳಗೆ ನಗರದ ಎಸಿ: ಸಿಇಎಸ್‌ಎಂ ಬಳಸುವವರಿಗೆ ಹಂತ ಹಂತದ ಮಾರ್ಗದರ್ಶಿ

ಹೆಚ್ಚಿನ ಜಾಗತಿಕ ಹವಾಮಾನ ಮಾದರಿಗಳಲ್ಲಿ ನಗರ ಎನ್ನುವುದೇ ಇಲ್ಲ. ಮುಂಬೈ, ಟೋಕಿಯೊ, ಬೆಂಗಳೂರು ಇರುವ ಜಾಗದಲ್ಲೂ ಹುಲ್ಲು, ಬೆಳೆ, ಬರಿಮಣ್ಣು ಇದೆಯೆಂದುಕೊಂಡೇ ಅವು ಲೆಕ್ಕ ಹಾಕುತ್ತವೆ. ನಗರಕ್ಕೆ ಜಾಗ ಕೊಟ್ಟಿರುವ ಬೆರಳೆಣಿಕೆಯ ಮಾದರಿಗಳಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿರುವ ಎನ್‌ಸಿಎಆರ್ (ರಾಷ್ಟ್ರೀಯ ವಾತಾವರಣ ಸಂಶೋಧನಾ ಕೇಂದ್ರ) ಸಂಸ್ಥೆಯ ಸಿಇಎಸ್‌ಎಂ (ಕಮ್ಯುನಿಟಿ ಅರ್ಥ್ ಸಿಸ್ಟಮ್ ಮಾಡೆಲ್) ಒಂದು. ಅಲ್ಲಿ ಕಟ್ಟಡಗಳಿವೆ, ಗೋಡೆಗಳಿವೆ, ಎಸಿಯೂ ಇದೆ. ಆದರೆ ಬಹಳ ಕಾಲ ಆ ಎಸಿ ‘ಇದ್ದರೆ ಎಲ್ಲ ಕಟ್ಟಡಕ್ಕೂ ಇದೆ, ಇಲ್ಲದಿದ್ದರೆ ಯಾವುದಕ್ಕೂ ಇಲ್ಲ’ ಎಂಬ ಲೆಕ್ಕದಲ್ಲಿತ್ತು. 2024ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಶಿನ್‌ಚಾಂಗ್ ಲಿ, ಲೀ ಝಾವೊ, ಎನ್‌ಸಿಎಆರ್‌ನ ಕೀತ್ ಓಲ್ಸನ್ ಮತ್ತು ಸಂಗಡಿಗರು ಇದನ್ನು ಬದಲಿಸುವ ಕ್ರಮವೊಂದನ್ನು ಪ್ರಕಟಿಸಿದರು. ಒಂದು ಪ್ರದೇಶದ ಕಟ್ಟಡಗಳಲ್ಲಿ ಎಷ್ಟು ಪಾಲಿಗೆ ಎಸಿ ಇದೆ ಎಂಬ ಅಂಕಿಯನ್ನೇ ಮಾಡೆಲ್‌ಗೆ ಇನ್‌ಪುಟ್ ಆಗಿ ಕೊಡುವುದು ಅದರ ತಿರುಳು.

ಈ ಸೌಲಭ್ಯವನ್ನು ಸ್ವಂತ ಕೆಲಸಕ್ಕೆ ಬಳಸಬೇಕೆಂದಿರುವ ವಿದ್ಯಾರ್ಥಿಗಳನ್ನು, ಸಂಶೋಧಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಲಿನಕ್ಸ್‌ನಲ್ಲಿ ಒಂದು ಕೇಸ್ (ಮಾಡೆಲ್‌ನ ಒಂದು ಓಟಕ್ಕೆ ಬೇಕಾದ ಸಿದ್ಧತೆ) ಕಟ್ಟಿ ಓಡಿಸಿದ ಅಭ್ಯಾಸವಿದ್ದರೆ ಸಾಕು. ಕೋಡ್‌ಗಿಂತ ಅಂಕಿಗಳ ಬಗ್ಗೆಯೇ ಹೆಚ್ಚು ಹೇಳುತ್ತೇನೆ. ಕೋಡ್‌ನಲ್ಲಿ ಇದು ಕೆಲವೇ ಸಾಲಿನ ವ್ಯವಹಾರ. ಅದಕ್ಕೆ ಉಣಿಸುವ ಅಂಕಿ ಯಾವುದು, ಅದರ ಅರ್ಥವೇನು ಎಂಬಲ್ಲೇ ಕೆಲಸ ಕೆಡುವುದು.

ಹಂತ 1: ಮಾಡೆಲ್ ಯಾವ ಕಟ್ಟಡವನ್ನು ನೋಡುತ್ತಿದೆ ಎಂದು ತಿಳಿದುಕೊಳ್ಳಿ

ಸಿಇಎಸ್‌ಎಂನಲ್ಲಿ ನೆಲದ ಲೆಕ್ಕ ನೋಡಿಕೊಳ್ಳುವ ಭಾಗ ಸಿಎಲ್‌ಎಂ (ಕಮ್ಯುನಿಟಿ ಲ್ಯಾಂಡ್ ಮಾಡೆಲ್). ಅದರೊಳಗಿನ ನಗರದ ಘಟಕ 2008ರಲ್ಲಿ ಓಲ್ಸನ್ ಮತ್ತು ಸಂಗಡಿಗರು ವಿವರಿಸಿದ ‘ನಗರ ಕಣಿವೆ’. ಎರಡು ಬದಿ ಕಟ್ಟಡ, ನಡುವೆ ರಸ್ತೆ. ಇದರಲ್ಲಿ ಐದು ಮೈಗಳಿವೆ: ಚಾವಣಿ, ಬಿಸಿಲಿನ ಗೋಡೆ, ನೆರಳಿನ ಗೋಡೆ, ನೀರು ಇಂಗುವ ನೆಲ, ಇಂಗದ ನೆಲ. ಪ್ರತಿ ಗ್ರಿಡ್ ಚೌಕದಲ್ಲಿ ಮೂರು ಬಗೆಯ ನಗರಕ್ಕೆ ಅವಕಾಶವಿದೆ: ಎತ್ತರದ ಕಟ್ಟಡಗಳ ಪ್ರದೇಶ, ಹೆಚ್ಚು ಸಾಂದ್ರತೆಯ ಪ್ರದೇಶ, ಮಧ್ಯಮ ಸಾಂದ್ರತೆಯ ಪ್ರದೇಶ. ಗೋಡೆಯ ದಪ್ಪ, ಚಾವಣಿಯ ಬಣ್ಣ, ಕಟ್ಟಡದ ಎತ್ತರ ಇವೆಲ್ಲ ಜಗತ್ತನ್ನು 33 ಪ್ರದೇಶಗಳಾಗಿ ಹಂಚಿ ತಯಾರಿಸಿದ ದತ್ತಾಂಶದಿಂದ ಬರುತ್ತವೆ.

ಅಳತೆಯ ಅಂದಾಜು ಮೊದಲೇ ಇರಲಿ. ಸಾಮಾನ್ಯವಾಗಿ ಬಳಸುವ, ಸ್ಥೂಲವಾಗಿ 1 ಡಿಗ್ರಿ ಎಂದು ಕರೆಯುವ ಗ್ರಿಡ್‌ನಲ್ಲಿ, ಬೆಂಗಳೂರಿನ ಅಕ್ಷಾಂಶದ ಒಂದು ಚೌಕ ಉತ್ತರ-ದಕ್ಷಿಣಕ್ಕೆ ಸುಮಾರು 105 ಕಿ.ಮೀ., ಪೂರ್ವ-ಪಶ್ಚಿಮಕ್ಕೆ ಸುಮಾರು 135 ಕಿ.ಮೀ. ಅಂದರೆ 14,000 ಚದರ ಕಿ.ಮೀ.ಗೂ ತುಸು ಹೆಚ್ಚು. ಬಿಬಿಎಂಪಿ ವ್ಯಾಪ್ತಿ ಎಂದು ನಾವು ಓದಿಕೊಂಡು ಬಂದ 741 ಚದರ ಕಿ.ಮೀ. ಪೂರ್ತಿಯಾಗಿ ಒಂದೇ ಚೌಕಕ್ಕೆ ಬಿದ್ದರೂ ಅದರ ಶೇ. 5ರಷ್ಟು ಮಾತ್ರ. ಹಾಗಾಗಿ ನೀವು ಎಸಿ ಪಾಲು ಬದಲಿಸಿದಾಗ ಚೌಕದ ಸರಾಸರಿ ತಾಪಮಾನದಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ. ನೋಡಬೇಕಾದದ್ದು ನಗರ ಘಟಕದ ಪ್ರತ್ಯೇಕ ಔಟ್‌ಪುಟ್ ಅನ್ನು.

ಇನ್ನೊಂದು ವಿಷಯ. ಕಟ್ಟಡದ ಒಳಗಿನ ಗಾಳಿಯ ತಾಪವನ್ನು ಮಾಡೆಲ್ ತಾನೇ ಲೆಕ್ಕ ಹಾಕುವ ಕ್ರಮ ಸಿಎಲ್‌ಎಂ5ರಿಂದ ಬಂದಿದೆ. ಚಾವಣಿ, ಗೋಡೆ, ನೆಲದ ಒಳಮೈಗಳಿಂದ ಬರುವ ಬಿಸಿ, ಕಿಟಕಿ-ಸಂದುಗಳಿಂದ ಆಗುವ ಗಾಳಿಯ ವಿನಿಮಯ ಎಲ್ಲವನ್ನೂ ಕೂಡಿಸಿ ಒಳತಾಪ ಸಿಗುತ್ತದೆ. ನೇಮ್‌ಲಿಸ್ಟ್‌ನಲ್ಲಿ (ಮಾಡೆಲ್‌ನ ಆಯ್ಕೆಗಳ ಪಟ್ಟಿಯಲ್ಲಿ) ‘ಬಿಲ್ಡಿಂಗ್ ಟೆಂಪ್ ಮೆಥಡ್’ 1 ಆಗಿರಬೇಕು. 0 ಎಂದಿದ್ದರೆ ಅದು ಹಳೆಯ ಸರಳ ಕ್ರಮ. ಎಸಿ ಪಾಲಿನ ಹೊಸ ವಿಧಾನಕ್ಕೆ ಅದು ಒಗ್ಗುವುದಿಲ್ಲ.

ಹಂತ 2: ಗರಿಷ್ಠ ಒಳತಾಪವನ್ನು ಏರಿಸಿ ಇಳಿಸಿ ಎಸಿ ಹೊಂದಿಸುವುದನ್ನು ಬಿಡಿ

ಎಸಿ ಪಾಲು ಬರುವ ಮುಂಚಿನ ಹಳೆಯ ಕ್ರಮದಲ್ಲಿ ನಮ್ಮ ಕೈಗೆ ಸಿಗುತ್ತಿದ್ದ ತಿರುಪು ಒಂದೇ, ಪ್ರತಿ ಪ್ರದೇಶಕ್ಕೆ ಕೊಟ್ಟ ಗರಿಷ್ಠ ಒಳತಾಪ. ಒಳಗಿನ ಗಾಳಿ ಅದನ್ನು ಮೀರಿದ ಕೂಡಲೇ ಎಸಿ ಚಾಲೂ ಆಗಿ, ಮೀರಿದಷ್ಟನ್ನೂ ಹೊರಹಾಕಿ, ಸರಿಯಾಗಿ ಆ ತಾಪಕ್ಕೆ ತಂದು ನಿಲ್ಲಿಸುತ್ತದೆ. ಎಸಿ ಕಡಿಮೆ ಇರುವ ದೇಶವನ್ನು ತೋರಿಸಬೇಕಿದ್ದರೆ ಈ ಮಿತಿಯನ್ನು ಮೇಲಕ್ಕೆತ್ತಬೇಕು, ಅಷ್ಟೆ. ಮೇಲ್ನೋಟಕ್ಕೆ ಇದರಿಂದಲೂ ಕೆಲಸ ಆಗುತ್ತದೆ ಅನ್ನಿಸುತ್ತದೆ. ಒಂದು ಉದಾಹರಣೆ ಹಿಡಿದು ನೋಡೋಣ.

ಮೇ ತಿಂಗಳ ಮಧ್ಯಾಹ್ನ, ಕಲಬುರಗಿಯಂಥ ಊರು. ಎಸಿ ಇಲ್ಲದ ಮನೆಯೊಳಗೆ 36 ಡಿಗ್ರಿ ಎನ್ನೋಣ. ಎಸಿ ಇರುವವರ ಸೆಟ್‌ಪಾಯಿಂಟ್, ಅಂದರೆ ಎಸಿಯಲ್ಲಿ ಇಟ್ಟ ತಾಪ, 27. ನೂರಕ್ಕೆ ಹತ್ತು ಮನೆಯಲ್ಲಿ ಎಸಿ. ಆಗ ಊರಿನ ಸರಾಸರಿ ಒಳತಾಪ 35.1 ಡಿಗ್ರಿ. ಹಳೆಯ ಕ್ರಮದಲ್ಲಿ ಇದೇ ಫಲ ಬೇಕೆಂದರೆ ಮಿತಿಯನ್ನು 35.1ಕ್ಕೆ ಇಟ್ಟರಾಯಿತು. ಮಧ್ಯಾಹ್ನದ ಲೆಕ್ಕ ಸರಿಹೋಯಿತು. ರಾತ್ರಿ ಹನ್ನೊಂದಕ್ಕೆ ಮನೆಯೊಳಗೆ 34 ಡಿಗ್ರಿಗೆ ಇಳಿದಿದೆ. ಮಿತಿ 35.1 ಇರುವುದರಿಂದ ಹಳೆಯ ಕ್ರಮದಲ್ಲಿ ಎಸಿ ಪೂರ್ತಿ ಬಂದ್! ನಿಜವಾದ ಊರಿನಲ್ಲಿ ಮಲಗುವ ಕೋಣೆಯ ಎಸಿ ಜೋರಾಗಿ ಓಡುವ ಹೊತ್ತೇ ಅದು.

ಹೊಸ ಕ್ರಮದ ಸೂತ್ರವನ್ನು ಮಾತಿನಲ್ಲಿ ಬರೆದರೆ ಹೀಗೆ:

ಹೊಸ ಒಳತಾಪ = ಸೆಟ್‌ಪಾಯಿಂಟ್ + (1 − ಎಸಿ ಪಾಲು) × (ಎಸಿ ಓಡುವ ಮುಂಚಿನ ಒಳತಾಪ − ಸೆಟ್‌ಪಾಯಿಂಟ್)

ಹೊರತೆಗೆದ ಶಾಖ ಎಷ್ಟು? ಎಲ್ಲ ಕಟ್ಟಡಕ್ಕೂ ಎಸಿ ಇದ್ದಿದ್ದರೆ ಎಷ್ಟು ತೆಗೆಯಬೇಕಿತ್ತೋ ಅದನ್ನು ಎಸಿ ಪಾಲಿನಿಂದ ಗುಣಿಸಿದಷ್ಟು. ಮೇಲಿನ ರಾತ್ರಿಯ 34 ಡಿಗ್ರಿಗೆ ಇದನ್ನು ಹಾಕಿದರೆ 27 + 0.9 × 7 = 33.3. ಎಸಿ ಓಡುತ್ತಲೇ ಇದೆ, ಹತ್ತು ಮನೆಯಷ್ಟು ಓಡುತ್ತಿದೆ. ಪಾಲು 1 ಎಂದು ಕೊಟ್ಟರೆ ಹಳೆಯ ನಡವಳಿಕೆ ಮರಳಿ ಬರುತ್ತದೆ, 0 ಕೊಟ್ಟರೆ ಎಸಿಯೇ ಇಲ್ಲ.

ನೇಮ್‌ಲಿಸ್ಟ್‌ನಲ್ಲಿ ‘ಅರ್ಬನ್ ಎಕ್ಸ್‌ಪ್ಲಿಸಿಟ್ ಎಸಿ’ ಎಂಬ ಸ್ವಿಚ್ ಅನ್ನು ಟ್ರೂ ಮಾಡಬೇಕು. ‘ಅರ್ಬನ್ ಎಚ್‌ಎಸಿ’ ಎಂಬ ಇನ್ನೊಂದಕ್ಕೆ ಮೂರು ಆಯ್ಕೆ: ಆಫ್, ಆನ್, ಆನ್ ವೇಸ್ಟ್‌ಹೀಟ್. ಮೂರನೆಯದು ಇದ್ದರೆ ಮಾತ್ರ ತ್ಯಾಜ್ಯ ಶಾಖವೂ ಬೀದಿಗೆ ಬೀಳುತ್ತದೆ. ನಿಮ್ಮ ಆವೃತ್ತಿಯಲ್ಲಿ ಡಿಫಾಲ್ಟ್ ಏನಿದೆ ಎಂದು ನೆನಪಿನ ಮೇಲೆ ಹೋಗಬೇಡಿ. ಕೇಸ್ ಕಟ್ಟಿದ ಮೇಲೆ ತಯಾರಾಗುವ ‘ಎಲ್‌ಎನ್‌ಡಿ ಇನ್’ ಫೈಲ್ ತೆರೆದು ಕಣ್ಣಾರೆ ನೋಡಿ.

ಸೂತ್ರದಲ್ಲಿ ಒಂದು ಸಂಗತಿ ಅಡಗಿದೆ. ಅದು ಪ್ರತಿ ಟೈಮ್‌ಸ್ಟೆಪ್‌ಗೂ, ಅಂದರೆ ಲೆಕ್ಕದ ಪ್ರತಿ ಹೆಜ್ಜೆಗೂ, ಅನ್ವಯಿಸುತ್ತದೆ. ಅರ್ಧ ಗಂಟೆಗೊಮ್ಮೆ 36 ಇದ್ದದ್ದು 35.1 ಆಗಿ, ಮುಂದಿನ ಅರ್ಧ ಗಂಟೆಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಆ ನಡುವೆ ಗೋಡೆಯಿಂದ ಎಷ್ಟು ಬಿಸಿ ಬಂದು ಸೇರಿತು ಎಂಬುದರ ಮೇಲೆ ಫಲ ನಿಂತಿದೆ. ಅಂದರೆ ಮಾಡೆಲ್‌ನಲ್ಲಿ ಹತ್ತು ತಂಪು ಮನೆ, ತೊಂಬತ್ತು ಬಿಸಿ ಮನೆ ಎಂದು ಎರಡು ಗುಂಪಿಲ್ಲ. ಇರುವುದು ಒಂದೇ ಸರಾಸರಿ ಮನೆ. ಪಾಲು ಕಡಿಮೆ ಇರುವ ದೇಶಗಳಲ್ಲಿ ಕೆಲಸ ಮಾಡುವಾಗ ಟೈಮ್‌ಸ್ಟೆಪ್ ಅರ್ಧ ಮಾಡಿ ಒಮ್ಮೆ ಓಡಿಸಿ, ಎಸಿ ಶಾಖದ ಒಟ್ಟು ಮೊತ್ತ ಎಷ್ಟು ಕದಲುತ್ತದೆ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಹಂತ 3: ಪಾಲಿನ ಅಂಕಿ ಎಲ್ಲಿಂದ ತರುತ್ತೀರಿ?

ಲಿ ಮತ್ತು ಸಂಗಡಿಗರ ಕೆಲಸದ ಜೊತೆಗೇ ಸಮೀಕ್ಷೆಗಳನ್ನು ಆಧರಿಸಿದ ಜಾಗತಿಕ ದತ್ತಾಂಶ ಇದೆ. ಜಾಗತಿಕ ಪ್ರಶ್ನೆಯಾದರೆ ಅದನ್ನೇ ಬಳಸಿ. ಒಂದು ದೇಶ ಅಥವಾ ರಾಜ್ಯದ ಮೇಲೆ ಕಣ್ಣಿಟ್ಟಿದ್ದರೆ ನೀವೇ ಅಂಕಿ ಕಟ್ಟಬೇಕಾಗುತ್ತದೆ. ಆಗ ಎದುರಾಗುವ ಗುಂಡಿಗಳು ಒಂದೆರಡಲ್ಲ.

ಮೊದಲನೆಯದು, ಪ್ರಶ್ನೆ ಏನನ್ನು ಕೇಳಿತ್ತು ಎಂಬುದು. ಭಾರತದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಮನೆಯ ಸಾಮಾನುಗಳ ಪಟ್ಟಿಯಲ್ಲಿ ‘ಎಸಿ ಅಥವಾ ಕೂಲರ್’ ಒಂದೇ ಸಾಲು. ಆ ಸಾಲಿಗೆ ಹೌದು ಎಂದ ಮನೆಗಳು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಇದನ್ನೇ ಎಸಿ ಪಾಲೆಂದು 0.24 ಹಾಕಿಬಿಟ್ಟರೆ ಲೆಕ್ಕ ದಾರಿ ತಪ್ಪಿತು. 2019ರ ಮಾರ್ಚ್‌ನಲ್ಲಿ ಬಂದ ಭಾರತದ ಕೂಲಿಂಗ್ ಆಕ್ಷನ್ ಪ್ಲಾನ್ ಎಸಿ ಇರುವ ಮನೆಗಳು ಶೇ. 8 ಎಂದು ಹೇಳುತ್ತದೆ. ಉಳಿದದ್ದು ಬಹುಪಾಲು ಕೂಲರ್. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಬೇಸಿಗೆಗೆ ಮುಂಚೆ ಮನೆ ಮನೆಯಲ್ಲೂ ಕೂಲರ್‌ನ ಹುಲ್ಲಿನ ಪ್ಯಾಡ್ ಬದಲಾಗುವುದನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಕೂಲರ್ ಬೀದಿಗೆ ಬಿಸಿ ಉಗುಳುವುದಿಲ್ಲ. ನೀರನ್ನು ಆವಿ ಮಾಡಿ ಮನೆಯೊಳಗೆ ತೇವ ಸೇರಿಸುತ್ತದೆ. ಭೌತಶಾಸ್ತ್ರವೇ ಬೇರೆ. ಮಾಡೆಲ್‌ನ ಎಸಿ ಸೂತ್ರದೊಳಗೆ ಅದನ್ನು ತುರುಕಬೇಡಿ, ಸೊನ್ನೆ ಎಂದೇ ಎಣಿಸಿ.

ಎರಡನೆಯದು, ಮನೆ ಎಣಿಸಿದ್ದಾರೋ ಯಂತ್ರ ಎಣಿಸಿದ್ದಾರೋ? ಚೀನಾದ ಅಧಿಕೃತ ಅಂಕಿ ‘ನೂರು ಮನೆಗೆ ಎಷ್ಟು ಎಸಿ’ ಎಂಬ ರೂಪದಲ್ಲಿರುತ್ತದೆ. ನಗರಗಳಲ್ಲಿ ಅದು ನೂರನ್ನು ದಾಟಿ ವರ್ಷಗಳೇ ಆದವು. ಒಂದೇ ಮನೆಯಲ್ಲಿ ಮೂರು ಎಸಿ ಇದ್ದರೆ ಮೂರೂ ಲೆಕ್ಕಕ್ಕೆ ಬರುತ್ತವೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರ ವರದಿಯಲ್ಲಿ ಹೇಳಿದ 160 ಕೋಟಿ ಎಸಿಗಳೂ (2016ರ ಅಂಕಿ) ಯಂತ್ರಗಳ ಎಣಿಕೆಯೇ. ಅಮೆರಿಕದ ಇಂಧನ ಇಲಾಖೆಯ ಮನೆ ಸಮೀಕ್ಷೆ ಮಾತ್ರ ಮನೆಯನ್ನೇ ಎಣಿಸುತ್ತದೆ. 2020ರಲ್ಲಿ ಅಲ್ಲಿನ ಶೇ. 88 ಮನೆಗಳಲ್ಲಿ ಎಸಿ ಬಳಕೆಯಿತ್ತು. ಈ ಎರಡು ಬಗೆಯ ಅಂಕಿಗಳನ್ನು ಒಂದೇ ಕಾಲಮ್ಮಿಗೆ ಸುರಿಯುವುದು ಬಹಳ ಸುಲಭ, ಆಮೇಲೆ ಬೇರ್ಪಡಿಸುವುದು ಬಹಳ ಕಷ್ಟ.

ಮೂರನೆಯದು, ಹಳ್ಳಿ-ಪೇಟೆ ಲೆಕ್ಕ. ಮಾಡೆಲ್‌ಗೆ ಬೇಕಾದದ್ದು ನಗರದ ಕಟ್ಟಡಗಳ ಪಾಲು. ದೇಶದ ಒಟ್ಟು ಅಂಕಿಯಲ್ಲಿ ಹಳ್ಳಿಗಳೂ ಸೇರಿರುತ್ತವೆ. ಒಟ್ಟು ಶೇ. 8, ಹಳ್ಳಿಗಳಲ್ಲಿ ಶೇ. 2, ನಗರದ ಮನೆಗಳು ಒಟ್ಟಿನ ಮೂರನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಆಗ ನಗರದ ಪಾಲು ಶೇ. 20 ಆಗುತ್ತದೆ. ಎಂಟಕ್ಕೂ ಇಪ್ಪತ್ತಕ್ಕೂ ಇರುವ ಅಂತರ ಸಣ್ಣದಲ್ಲ. ಇದು ಬರೀ ಕೈಲೆಕ್ಕ. ನಿಮ್ಮ ದೇಶದ ನಿಜವಾದ ಹಂಚಿಕೆಯನ್ನು ಸಮೀಕ್ಷೆಯ ಬಿಡಿ ದಾಖಲೆಗಳಿಂದಲೇ ತೆಗೆಯಬೇಕು.

ಸಮೀಕ್ಷೆಯೇ ಇಲ್ಲದ ಕಡೆ ಆದಾಯ ಮತ್ತು ಹವೆಯಿಂದ ಅಂದಾಜು ಕಟ್ಟುವ ಸೂತ್ರಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಮ್ಯಾಕ್‌ನೀಲ್ ಮತ್ತು ಲೆಟ್‌ಶರ್ಟ್ ಕಟ್ಟಿದ್ದು; ಅದಕ್ಕೆ ಆಧಾರ ಸೇಲರ್ ಮತ್ತು ಪಾವ್ಲೋವಾ 2003ರಲ್ಲಿ ಪ್ರಕಟಿಸಿದ ಅಮೆರಿಕದ 39 ನಗರಗಳ ಅಂಕಿಗಳು. ಗರಿಷ್ಠ ಪಾಲು = 1 − 0.949 × ಎಕ್ಸ್‌ಪೊನೆನ್ಶಿಯಲ್ (−0.00187 × ಕೂಲಿಂಗ್ ಡಿಗ್ರಿ-ದಿನಗಳು). ದಿನದ ಸರಾಸರಿ ತಾಪ ಒಂದು ಆಧಾರ ತಾಪವನ್ನು ಎಷ್ಟು ಡಿಗ್ರಿ ಮೀರಿತು ಎಂಬುದನ್ನು ವರ್ಷವಿಡೀ ಕೂಡಿಸಿದ ಮೊತ್ತವೇ ಕೂಲಿಂಗ್ ಡಿಗ್ರಿ-ದಿನ. ಬೆಂಗಳೂರಿಗೆ ಹಾಕಿ ನೋಡಿ. ವಾರ್ಷಿಕ ಸರಾಸರಿ ಸುಮಾರು 24 ಡಿಗ್ರಿ. ಆಧಾರ ತಾಪ 18.3 ಇಟ್ಟರೆ ವರ್ಷಕ್ಕೆ ಸುಮಾರು 2,080 ಡಿಗ್ರಿ-ದಿನ. ಉತ್ತರ ಶೇ. 98! ದುಡ್ಡೊಂದಿದ್ದರೆ ಬೆಂಗಳೂರಿನ ನೂರರಲ್ಲಿ ತೊಂಬತ್ತೆಂಟು ಮನೆಯವರು ಎಸಿ ಹಾಕಿಸುತ್ತಾರೆ ಎಂದು ಸೂತ್ರ ಹೇಳುತ್ತಿದೆ. ಜಯನಗರದಲ್ಲಿ ದುಡ್ಡಿಗೇನು ಕೊರತೆ, ಆದರೂ ಫ್ಯಾನ್ ಹಾಕಿಕೊಂಡು ವರ್ಷ ಕಳೆಯುವ ಮನೆಗಳು ಇನ್ನೂ ಬೇಕಾದಷ್ಟಿವೆ. 18.3 ಡಿಗ್ರಿ ಮೀರಿದ ಕೂಡಲೇ ಸೆಕೆ ಎಂದು ಎಣಿಸುವ ಅಮೆರಿಕದ ಅಳತೆಗೋಲು ಇದಕ್ಕೆ ಕಾರಣ. ಉಷ್ಣವಲಯದ ಊರುಗಳಿಗೆ ಆಧಾರ ತಾಪವನ್ನು ಮೇಲೇರಿಸದೆ, ಸ್ಥಳೀಯ ಅಂಕಿಯೊಂದಿಗೆ ತಾಳೆ ನೋಡದೆ ಈ ಸೂತ್ರ ಬಳಸಬಾರದು ಎಂಬುದು ನನ್ನ ಅಭಿಪ್ರಾಯ.

ರಾಜ್ಯಕ್ಕೊಂದು ಅಂಕಿ ಸಿಕ್ಕಿದರೂ ಅದೇ ಕೊನೆಯಲ್ಲ. ಕರ್ನಾಟಕದೊಳಗೇ ಬೆಂಗಳೂರು, ಮಂಗಳೂರು, ಕಲಬುರಗಿ ಮೂರಕ್ಕೂ ಒಂದೇ ಪಾಲು ಕೊಡುವುದು ಹಾಸ್ಯಾಸ್ಪದ. 1 ಡಿಗ್ರಿ ಗ್ರಿಡ್‌ನಲ್ಲಿ ಇವು ಮೂರೂ ಬೇರೆ ಬೇರೆ ಚೌಕಗಳಲ್ಲಿವೆ, ಬೇರೆ ಅಂಕಿ ಕೊಡಲು ಮಾಡೆಲ್ ಅಡ್ಡಿ ಮಾಡುವುದಿಲ್ಲ.

ಹಂತ 4: ಎಸಿ ಇರುವುದರಿಂದ ಎಸಿ ಓಡುವುದಕ್ಕೆ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಮಾಡೆಲ್‌ನ ಎಸಿ ಇಡೀ ಕಟ್ಟಡವನ್ನು, ಇಪ್ಪತ್ತನಾಲ್ಕು ಗಂಟೆಯೂ ತಂಪು ಮಾಡುತ್ತದೆ. ಟೆಕ್ಸಸ್‌ನ ಸೆಂಟ್ರಲ್ ಎಸಿ ಇರುವ ಮನೆಗೆ ಅದು ಹೆಚ್ಚುಕಡಿಮೆ ನಿಜ. ನಮ್ಮಲ್ಲಿ ಎಸಿ ಇರುವ ಮನೆ ಎಂದರೆ ಬೆಡ್‌ರೂಮಿನಲ್ಲಿ ಒಂದು ಸ್ಪ್ಲಿಟ್ ಎಸಿ, ರಾತ್ರಿ ಮಲಗುವಾಗ ಹಾಕಿ ಬೆಳಗಿನ ಜಾವ ಆರಿಸುವುದು. ಸಮೀಕ್ಷೆಯ ಪ್ರಕಾರ ಇಬ್ಬರೂ ‘ಎಸಿ ಉಳ್ಳವರು’.

ಹಾಗಾಗಿ ಸಮೀಕ್ಷೆಯ ಪಾಲನ್ನು ಮೊದಲು ತಂಪಾಗುವ ನೆಲದ ಪಾಲಿಗೆ ಇಳಿಸಿ. ನಗರದ ಶೇ. 20 ಮನೆಯಲ್ಲಿ ಎಸಿ ಇದ್ದು, ಅಂಥ ಮನೆಯ ಮೂರನೇ ಒಂದು ಭಾಗ ಮಾತ್ರ ತಂಪಾಗುತ್ತದೆ ಎಂದಾದರೆ ಮಾಡೆಲ್‌ಗೆ ಹೋಗಬೇಕಾದ ಅಂಕಿ 0.20 ಅಲ್ಲ, 0.07ರ ಆಸುಪಾಸು.

ಆಫೀಸು, ಮಾಲ್, ಆಸ್ಪತ್ರೆ, ಹೋಟೆಲ್‌ಗಳ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಹಗಲೆಲ್ಲ ಇಡೀ ಮಹಡಿ ತಂಪು. ಮನೆ ಸಮೀಕ್ಷೆಯಲ್ಲಿ ಈ ಕಟ್ಟಡಗಳು ಬರುವುದೇ ಇಲ್ಲ. ಮಾಡೆಲ್ ಮೂರು ಸಾಂದ್ರತೆಗೂ ಬೇರೆ ಬೇರೆ ಪಾಲು ಕೇಳುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಎತ್ತರದ ಕಟ್ಟಡಗಳ ಪ್ರದೇಶಕ್ಕೆ ವಾಣಿಜ್ಯ ಕಟ್ಟಡಗಳ ಅಂಕಿ, ಮಧ್ಯಮ ಸಾಂದ್ರತೆಗೆ ಮನೆಗಳ ಅಂಕಿ, ನಡುವಿನದಕ್ಕೆ ಎರಡರ ತೂಕದ ಸರಾಸರಿ. ಮೂರಕ್ಕೂ ಒಂದೇ ಅಂಕಿ ತುಂಬಿದ ಫೈಲುಗಳನ್ನು ನೋಡಿದ್ದೇನೆ. ಅಂಕಿ ಸಿಗದಿದ್ದಾಗ ಅದು ಅನಿವಾರ್ಯವಿರಬಹುದು, ಸೋಮಾರಿತನಕ್ಕೆ ಮಾತ್ರ ಆಗಬಾರದು.

ಗಂಟೆಗಳ ವಿಚಾರದಲ್ಲಿ ಎಚ್ಚರ ಬೇಕು. ದಿನಕ್ಕೆ ಎಂಟು ಗಂಟೆ ಓಡುತ್ತದಲ್ಲ ಎಂದು ಪಾಲನ್ನು ಮೂರರಿಂದ ಭಾಗಿಸಿಬಿಟ್ಟರೆ ಶಾಖ ಹೊರಬೀಳುವ ಹೊತ್ತೇ ತಪ್ಪಿಹೋಗುತ್ತದೆ. ಮಧ್ಯಾಹ್ನ ಮೂರಕ್ಕೂ ರಾತ್ರಿ ಹನ್ನೆರಡಕ್ಕೂ ತಂಪು ಮಾಡುವ ಹೊರೆ ಒಂದೇ ಅಲ್ಲ. ಬೀದಿಯ ಗಾಳಿಯ ಮೇಲೆ ಪರಿಣಾಮವೂ ಒಂದೇ ಅಲ್ಲ. ಅಮೆರಿಕದ ಫೀನಿಕ್ಸ್ ನಗರದ ಮೇಲೆ 2014ರಲ್ಲಿ ಸಲಮಾಂಕಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಎಸಿಯ ತ್ಯಾಜ್ಯ ಶಾಖದಿಂದ ಕೆಲವೆಡೆ ತಾಪ 1 ಡಿಗ್ರಿಗೂ ಹೆಚ್ಚು ಏರಿದ್ದು ರಾತ್ರಿ ಹೊತ್ತಿನಲ್ಲಿ. ಹಗಲು ಹೆಚ್ಚು ಶಾಖ ಬಿದ್ದರೂ ಗಾಳಿಯ ಪದರ ಎತ್ತರಕ್ಕೆ ಕದಡಿಕೊಂಡು ಅದನ್ನು ಹಂಚಿಬಿಡುತ್ತದೆ. ರಾತ್ರಿ ಪದರ ತೆಳು, ಬಿಸಿ ಕೆಳಗೇ ಉಳಿಯುತ್ತದೆ.

ಆದ್ದರಿಂದ ಗಂಟೆಯ ಹಂಚಿಕೆ ನಿಮ್ಮ ಪ್ರಶ್ನೆಗೆ ಮುಖ್ಯವಾದರೆ ಕೋಡ್ ತಿದ್ದುವುದೇ ದಾರಿ. ಒಳತಾಪ ಲೆಕ್ಕ ಹಾಕುವ ಮಾಡ್ಯೂಲ್‌ನಲ್ಲಿ ಎಸಿ ಪಾಲು ಬಳಸುವ ಜಾಗ ಹುಡುಕಿ, ಆ ಪಾಲನ್ನು ಸ್ಥಳೀಯ ಗಂಟೆಗೆ ತಕ್ಕ ಗುಣಕದಿಂದ ಗುಣಿಸಿ. ಮನೆಗಳಿಗೆ ರಾತ್ರಿ 1, ಹಗಲು 0.2, ಆಫೀಸುಗಳಿಗೆ ಇದರ ತಿರುವು, ಹೀಗೆ. ಮೂಲ ಕೋಡ್ ಮುಟ್ಟದೆ, ತಿದ್ದಿದ ಪ್ರತಿಯನ್ನು ಕೇಸಿನ ‘ಸೋರ್ಸ್‌ಮಾಡ್ಸ್’ ಫೋಲ್ಡರಿನಲ್ಲಿಟ್ಟು ಮತ್ತೆ ಬಿಲ್ಡ್ ಮಾಡಿ. ಮಾಡೆಲ್‌ನ ಗಡಿಯಾರ ಗ್ರೀನಿಚ್ ಸಮಯದ್ದು. ರೇಖಾಂಶ ನೋಡಿ ಸ್ಥಳೀಯ ಸಮಯಕ್ಕೆ ತಿರುಗಿಸಿಕೊಳ್ಳುವುದನ್ನು ಮರೆತರೆ ಇಡೀ ಭಾರತ ಐದೂವರೆ ಗಂಟೆ ತಡವಾಗಿ ಮಲಗುತ್ತದೆ.

ಹಂತ 5: ಸೆಟ್‌ಪಾಯಿಂಟ್

ಇದು ಬೇಗ ಮುಗಿಯುವ ವಿಷಯ. ಹಳೆಯ ದತ್ತಾಂಶದಲ್ಲಿ ಗರಿಷ್ಠ ಒಳತಾಪಕ್ಕೆ ಎರಡು ಕೆಲಸ ಅಂಟಿಕೊಂಡಿದ್ದವು, ಥರ್ಮೊಸ್ಟಾಟ್‌ನ ಅಂಕಿಯೂ ಅದೇ, ಎಸಿಯ ಕೊರತೆಯನ್ನು ತೋರಿಸುವುದೂ ಅದೇ. ಎಸಿ ಪಾಲು ಬೇರೆಯಾಗಿ ಬಂದ ಮೇಲೆ ಈ ಮಿತಿ ಬರೀ ಥರ್ಮೊಸ್ಟಾಟ್ ಆಗಬೇಕು. ಹಳೆಯ ಏರಿಸಿದ ಮಿತಿಯ ಫೈಲಿನ ಜೊತೆ ಹೊಸ ಪಾಲಿನ ಫೈಲು ಸೇರಿಸಿದರೆ ಎಸಿಯನ್ನು ಎರಡೆರಡು ಸಲ ಕತ್ತರಿಸಿದಂತೆ. ಭಾರತದಲ್ಲಿ 2020ರ ಜನವರಿ 1ರಿಂದ ಸ್ಟಾರ್ ರೇಟಿಂಗ್ ಇರುವ ರೂಮ್ ಎಸಿಗಳು 24 ಡಿಗ್ರಿ ಡಿಫಾಲ್ಟ್‌ನಲ್ಲೇ ಬರಬೇಕೆಂಬ ನಿಯಮವಿದೆ. ಡಿಫಾಲ್ಟ್ ಮಾತ್ರ, ರಿಮೋಟ್ ಜನರ ಕೈಯಲ್ಲೇ ಇದೆ. 24 ಮತ್ತು 27 ಎರಡರಲ್ಲೂ ಓಡಿಸಿ ವ್ಯತ್ಯಾಸವನ್ನು ವರದಿ ಮಾಡಿದರೆ ಸಾಕು. ಫೈಲಿನಲ್ಲಿ ಕೆಲ್ವಿನ್ ಇರುತ್ತದೆ: 297.15 ಮತ್ತು 300.15.

ಹಂತ 6: ತೆಗೆದ ಬಿಸಿ ಎಲ್ಲಿಗೆ ಹೋಯಿತು?

ಒಂದೂವರೆ ಟನ್‌ನ ಎಸಿ ಪೂರ್ತಿ ಓಡಿದರೆ ಕೋಣೆಯಿಂದ ಸುಮಾರು 5.3 ಕಿಲೋವ್ಯಾಟ್ ಶಾಖ ಎಳೆಯುತ್ತದೆ. ಅದರ ಸಿಒಪಿ, ಅಂದರೆ ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಎಳೆಯುತ್ತದೆ ಎಂಬ ಅಂಕಿ, 3.5 ಎನ್ನೋಣ. ಕರೆಂಟು 1.5 ಕಿಲೋವ್ಯಾಟ್. ಹೊರಗಿನ ಯೂನಿಟ್‌ನಿಂದ ಬೀದಿಗೆ ಬೀಳುವುದು ಎರಡೂ ಸೇರಿ 6.8 ಕಿಲೋವ್ಯಾಟ್.

ಮಾಡೆಲ್ ಈ ಎರಡನ್ನೂ ಬೇರೆ ಬೇರೆ ಇಡುತ್ತದೆ. ಕೋಣೆಯಿಂದ ತೆಗೆದ ಶಾಖ ಕಣಿವೆಯ ನೆಲದ ಲೆಕ್ಕಕ್ಕೆ ಹೋಗುತ್ತದೆ. ಅದರ ಮೇಲೆ ತ್ಯಾಜ್ಯ ಶಾಖವೆಂದು ಇನ್ನಷ್ಟು ಸೇರುತ್ತದೆ, ಎಸಿ ತೆಗೆದ ಶಾಖದ 0.6 ಪಟ್ಟು. ಆದರೆ ಮೇಲಿನ ಲೆಕ್ಕದಲ್ಲಿ ಕಂಪ್ರೆಸರ್‌ನ ಪಾಲು 1.5 ಭಾಗಿಸು 5.3, ಅಂದರೆ 0.28 ಮಾತ್ರ. ವ್ಯತ್ಯಾಸಕ್ಕೆ ಕಾರಣ ಇದೆ: ವಿದ್ಯುತ್ ತಯಾರಿಸುವಲ್ಲಿ ಆಗುವ ನಷ್ಟವನ್ನೂ ಮಾಡೆಲ್ ಅದೇ ಗುಣಕದಲ್ಲಿ ಸೇರಿಸಿಕೊಂಡಿದೆ. ಇಡೀ ಭೂಮಿಯ ಶಕ್ತಿ ಲೆಕ್ಕಕ್ಕೆ ಅದು ಸರಿ. ಆದರೆ ಬೆಂಗಳೂರಿನ ಬೀದಿಗೆ ರಾಯಚೂರಿನ ಶಕ್ತಿನಗರದ ಬಾಯ್ಲರ್ ಬಿಸಿ ಸೇರಿಸುವುದು ಬೀದಿಯ ತಾಪ ಅಳೆಯುವವರಿಗೆ ಬೇಡದ ಮಾತು. ನಿಮ್ಮ ಪ್ರಶ್ನೆ ನಗರದ ಗಾಳಿಯ ಬಗ್ಗೆ ಇದ್ದರೆ ಗುಣಕವನ್ನು 1 ಭಾಗಿಸು ಸಿಒಪಿಗೆ ಇಳಿಸಿ ಒಂದು ರನ್ ಮಾಡಿ. ಭಾರತದ ಎಸಿಗಳಿಗೆ ಸ್ಟಾರ್ ಲೇಬಲ್ಲಿನ ಐಎಸ್‌ಇಇಆರ್ ಎಂಬ ದಕ್ಷತೆಯ ಅಂಕಿ ಆಧಾರವಾಗಬಹುದು. 2022ರ ಜುಲೈಯಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ ಸ್ಪ್ಲಿಟ್ ಎಸಿಗೆ 3 ಸ್ಟಾರ್ ಸಿಗಲು 3.8, 5 ಸ್ಟಾರ್‌ಗೆ 5.0 ಬೇಕಿತ್ತು. ಅದು ಇಡೀ ಋತುವಿನ ಸರಾಸರಿ. ಸುಡುಬಿಸಿಲಿನ ಮಧ್ಯಾಹ್ನ ಯಂತ್ರದ ದಕ್ಷತೆ ಅದಕ್ಕಿಂತ ಕೆಳಗೇ ಇರುತ್ತದೆ.

ತ್ಯಾಜ್ಯ ಶಾಖಕ್ಕೆ ಪ್ರತಿ ಚದರ ಮೀಟರಿಗೆ 100 ವ್ಯಾಟ್ ಎಂಬ ಮೇಲ್ಮಿತಿಯೂ ಕೋಡ್‌ನಲ್ಲಿದೆ. ಪಾಲು 1 ಕೊಟ್ಟು ಮರುಭೂಮಿಯ ನಗರ ಓಡಿಸಿದಾಗ ಔಟ್‌ಪುಟ್ ಗೆರೆ ಕತ್ತರಿಸಿದಂತೆ ಸಪಾಟಾಗಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ನಗರಗಳ ಮಾನವನಿರ್ಮಿತ ಶಾಖದ ಬೇರೆ ದತ್ತಾಂಶವನ್ನು ಜೊತೆಗೆ ಸುರಿಯುವ ಆಸೆಯೂ ಬೇಡ. ಅದರಲ್ಲಿ ಎಸಿ ಈಗಾಗಲೇ ಸೇರಿರುತ್ತದೆ.

ಇಲ್ಲದಿರುವುದನ್ನೂ ತಿಳಿದಿರಬೇಕು. ಈ ಕಟ್ಟಡದೊಳಗಿನ ಲೆಕ್ಕದಲ್ಲಿ ತೇವಾಂಶ ಇಲ್ಲ. ಮಂಗಳೂರಿನ ಎಸಿಯ ಪೈಪಿನಿಂದ ದಿನವಿಡೀ ತೊಟ್ಟಿಕ್ಕುವ ನೀರಿದೆಯಲ್ಲ, ಗಾಳಿಯ ಆ ಆವಿಯನ್ನು ನೀರಾಗಿಸಲು ಎಸಿ ಪಡುವ ಶ್ರಮವೆಲ್ಲ ಮಾಡೆಲ್‌ಗೆ ಕಾಣುವುದೇ ಇಲ್ಲ. ಕರಾವಳಿ ನಗರಗಳಲ್ಲಿ ಎಸಿಯ ಹೊರೆ ಕಡಿಮೆ ಬರುವುದು ಇದರಿಂದ. ಕಲಬುರಗಿಯ ಒಣಹವೆಗೆ ಈ ಕೊರತೆ ಅಷ್ಟಾಗಿ ತಾಗುವುದಿಲ್ಲ.

ಹಂತ 7: ಮೊದಲು ಒಂದೇ ಬಿಂದು

ಜಗತ್ತನ್ನೇ ಓಡಿಸುವ ಮೊದಲು ಒಂದು ಊರನ್ನು ಓಡಿಸಿ. ಸಿಟಿಎಸ್‌ಎಂ (ಸಿಎಲ್‌ಎಂ ಅನ್ನು ಒಳಗೊಂಡ ಕೋಡ್) ಜೊತೆ ಬರುವ ‘ಸಬ್‌ಸೆಟ್ ಡೇಟಾ’ ಉಪಕರಣ ಒಂದೇ ಅಕ್ಷಾಂಶ-ರೇಖಾಂಶಕ್ಕೆ ಬೇಕಾದ ಫೈಲುಗಳನ್ನು ಕತ್ತರಿಸಿ ಕೊಡುತ್ತದೆ. ವಾತಾವರಣವನ್ನು ದಾಖಲಾದ ದತ್ತಾಂಶದಿಂದ ಕೊಟ್ಟು ನೆಲದ ಭಾಗವನ್ನಷ್ಟೇ ಓಡಿಸುವ ಕೇಸ್ ಕಟ್ಟಿ. ಇದಕ್ಕೆ ಐಐಎಸ್‌ಸಿಯ ಪರಮ್ ಪ್ರವೇಗದಂಥ ಯಂತ್ರ ಬೇಕಿಲ್ಲ, ಸಾಧಾರಣ ಲಿನಕ್ಸ್ ಡಬ್ಬಿ ಸಾಕು.

ಪಾಲು 0, 0.07, 0.20, 1 ಎಂದು ನಾಲ್ಕು ರನ್. ಮೇ ತಿಂಗಳ ಒಂದು ವಾರದ ಅರ್ಧಗಂಟೆಯ ಔಟ್‌ಪುಟ್ ತೆಗೆದು, ಒಳತಾಪದ ನಾಲ್ಕು ಗೆರೆಗಳನ್ನು ಒಂದರ ಮೇಲೊಂದು ಬಿಡಿಸಿ. 1ರ ಗೆರೆ ಸೆಟ್‌ಪಾಯಿಂಟ್‌ನಲ್ಲಿ ಸಪಾಟಾಗಿ ನಿಲ್ಲಬೇಕು, ಉಳಿದವು ಕ್ರಮವಾಗಿ ಅದರ ಮೇಲಿರಬೇಕು. ಎರಡು ಗೆರೆ ಅಡ್ಡ ಹಾಯ್ದರೆ ಎಲ್ಲೋ ಫೈಲು ಅದಲುಬದಲಾಗಿದೆ. ವಾತಾವರಣ ಇಲ್ಲಿ ಮೊದಲೇ ನಿಗದಿಯಾಗಿರುವುದರಿಂದ ಬೀದಿಗೆ ಬಿದ್ದ ಬಿಸಿ ಮೇಲಿನ ಗಾಳಿಯನ್ನು ಬದಲಿಸುವುದಿಲ್ಲ. ಆ ಪರಿಣಾಮ ಬೇಕಿದ್ದರೆ ವಾತಾವರಣವೂ ಜೀವಂತವಾಗಿರುವ ರನ್ ಬೇಕು. ಸಹಜ ಏರುಪೇರಿನಿಂದ ಎಸಿಯ ಸಣ್ಣ ಸಂಕೇತವನ್ನು ಬೇರ್ಪಡಿಸಲು ಅಂಥ ರನ್‌ಗಳು ಹಲವಾರು ಬೇಕು.

ಭವಿಷ್ಯದ ರನ್‌ಗಳಿಗೆ ಪಾಲು ವರ್ಷದಿಂದ ವರ್ಷಕ್ಕೆ ಬದಲಾಗುವ ಫೈಲು ಕೊಡಬಹುದು. ಗರಿಷ್ಠ ಒಳತಾಪ ಬರುವ ಅದೇ ಸ್ಟ್ರೀಮ್ ಫೈಲಿನಲ್ಲಿ (ಕಾಲಕ್ಕೆ ತಕ್ಕಂತೆ ಬದಲಾಗುವ ಇನ್‌ಪುಟ್ ಫೈಲು) ಮೂರೂ ಸಾಂದ್ರತೆಗಳ ಪಾಲು ಇರುತ್ತದೆ. ಭಾರತದ ಕೂಲಿಂಗ್ ಆಕ್ಷನ್ ಪ್ಲಾನ್ ಶೇ. 8 ಇದ್ದದ್ದು 2027–28ಕ್ಕೆ ಶೇ. 21, 2037–38ಕ್ಕೆ ಶೇ. 40 ಆಗಬಹುದೆಂದು ಅಂದಾಜಿಸಿದೆ. ಇದು ದೇಶದ ಒಟ್ಟು ಮನೆಗಳ ಅಂಕಿ, 3 ಮತ್ತು 4ನೇ ಹಂತದ ಶೋಧನೆ ಇದಕ್ಕೂ ಆಗಬೇಕು. ನಡುವಿನ ವರ್ಷಗಳಿಗೆ ನೇರ ಗೆರೆ ಎಳೆಯುವ ಬದಲು ಎಸ್ ಆಕಾರದ ವಕ್ರರೇಖೆ ಹೊಂದಿಸಿ. ಎಸಿಯಂಥ ವಸ್ತುಗಳು ಮೊದಲು ನಿಧಾನಕ್ಕೆ, ಒಂದು ಹಂತ ದಾಟಿದ ಮೇಲೆ ಒಮ್ಮೆಲೇ ಮನೆ ಸೇರುತ್ತವೆ.

ಕರೆಂಟಿನಿಂದಾಗುವ ಇಂಗಾಲದ ಹೊರಸೂಸುವಿಕೆ, ಶೀತಕ ಅನಿಲಗಳ ಪ್ರಭಾವ (ಆರ್-410ಎ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟಿಗೂ ಹೆಚ್ಚು) ಈ ಸ್ವಿಚ್‌ಗೆ ಸೇರಿಲ್ಲ. ಅವು ಹೊರಸೂಸುವಿಕೆಯ ಸನ್ನಿವೇಶಗಳ ಮೂಲಕ ಬೇರೆ ದಾರಿಯಿಂದ ಬರುತ್ತವೆ.

ಹಂತ 8: ಔಟ್‌ಪುಟ್ ಓದುವಾಗ

ಬೇಕಾದ ಫೀಲ್ಡುಗಳು ಇವು: ಅರ್ಬನ್ ಎಸಿ (ತೆಗೆದ ಶಾಖ), ವೇಸ್ಟ್‌ಹೀಟ್, ಹೀಟ್ ಫ್ರಮ್ ಎಸಿ, ಟಿಬಿಲ್ಡ್ (ಒಳತಾಪ), ಟಿಎಸ್‌ಎ ಯು (ನಗರದ 2 ಮೀಟರ್ ತಾಪ). ಕೆಲವು ಡಿಫಾಲ್ಟ್ ಪಟ್ಟಿಯಲ್ಲಿ ಇಲ್ಲದಿರಬಹುದು, ಹಿಸ್ಟರಿ (ಔಟ್‌ಪುಟ್) ಪಟ್ಟಿಗೆ ನೀವೇ ಸೇರಿಸಿ.

‘ಅರ್ಬನ್ ಎಸಿ’ ಎಂಬುದು ಕರೆಂಟು ಬಿಲ್ಲಲ್ಲ. ಅದು ಕೋಣೆಯಿಂದ ತೆಗೆದ ಶಾಖ, ಪ್ರತಿ ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು. ವಿದ್ಯುತ್ ಅಂಕಿಯೊಂದಿಗೆ ಹೋಲಿಸಬೇಕಾದರೆ ಸಿಒಪಿಯಿಂದ ಭಾಗಿಸಿ, ನಗರದ ವಿಸ್ತೀರ್ಣದಿಂದ ಗುಣಿಸಿ. ಈ ಹೆಜ್ಜೆ ಬಿಟ್ಟುಹೋದರೆ ದೇಶದ ಎಸಿ ಬಳಕೆ ಮೂರು-ನಾಲ್ಕು ಪಟ್ಟು ಹೆಚ್ಚಾಗಿ ಕಾಣುತ್ತದೆ. ಅಡ್ಡಪರೀಕ್ಷೆಗೆ ಒಂದು ಅಂಕಿ ಕೈಯಲ್ಲಿರಲಿ: 2024ರ ಮೇ 30ರಂದು ಭಾರತದ ಒಟ್ಟು ವಿದ್ಯುತ್ ಬೇಡಿಕೆ ಆವರೆಗಿನ ದಾಖಲೆಯಾದ 250 ಗಿಗಾವ್ಯಾಟ್ ಮುಟ್ಟಿತು. ನಿಮ್ಮ ಎಸಿಗಳ ಮೊತ್ತ ಒಂದೇ ಇದಕ್ಕೆ ಹತ್ತಿರ ಬಂದರೆ ಮತ್ತೆ 4ನೇ ಹಂತಕ್ಕೆ ಹೋಗಿ.

ಒಳತಾಪವನ್ನು ಇನ್ನೂ ಹುಷಾರಾಗಿ ಓದಬೇಕು. 35.1 ಡಿಗ್ರಿ ಎಂದು ಮಾಡೆಲ್ ಹೇಳಿದ ಮನೆಯಲ್ಲಿ ಯಾರೂ ವಾಸವಿಲ್ಲ. ಹತ್ತು ಜನ 27ರಲ್ಲಿದ್ದಾರೆ, ತೊಂಬತ್ತು ಜನ 36ರಲ್ಲಿ. ಸೆಕೆಯಿಂದ ಆರೋಗ್ಯಕ್ಕಾಗುವ ಅಪಾಯವನ್ನು ಈ ಸರಾಸರಿಯಿಂದ ಲೆಕ್ಕ ಹಾಕಿದರೆ ಎಸಿ ಇಲ್ಲದವರ ಕಷ್ಟ ಕಡಿಮೆಯಾಗಿ ತೋರುತ್ತದೆ, ಪಾಲು ಏರಿದಷ್ಟೂ ಇನ್ನೂ ಕಡಿಮೆ. ಸೂತ್ರವನ್ನು ಹಿಂದಕ್ಕೆ ತಿರುಗಿಸಿ, ಅಂದರೆ (ಒಳತಾಪ − ಸೆಟ್‌ಪಾಯಿಂಟ್) ಅನ್ನು (1 − ಪಾಲು) ಇಂದ ಭಾಗಿಸಿ ಸೆಟ್‌ಪಾಯಿಂಟ್‌ಗೆ ಕೂಡಿಸಿದರೆ ಎಸಿ ಇಲ್ಲದ ಮನೆಯ ಅಂದಾಜು ಸಿಗುತ್ತದೆ. ಅರ್ಧ ಗಂಟೆಯ ಔಟ್‌ಪುಟ್ ಮೇಲೆ, ಒಳಗೆ ಸೆಟ್‌ಪಾಯಿಂಟ್ ಮೀರಿದ ಹೊತ್ತುಗಳಿಗೆ ಮಾತ್ರ ಇದನ್ನು ಮಾಡಿ, ದಿನದ ಸರಾಸರಿಯ ಮೇಲಲ್ಲ. ಪಾಲು 0 ಇಟ್ಟ ರನ್ ಇನ್ನೊಂದು ಅಂದಾಜು ಕೊಡುತ್ತದೆ, ಆದರೆ ಅದರಲ್ಲಿ ಪಕ್ಕದ ಮನೆಯ ಔಟ್‌ಡೋರ್ ಯೂನಿಟ್ ಊದುವ ಬಿಸಿ ಇರುವುದಿಲ್ಲ. ಎರಡನ್ನೂ ಕೊಡಿ. ಯಾವ ವರ್ಷದ ಪಾಲು, ಕೂಲರ್ ಬಿಟ್ಟಿದ್ದೀರೋ ಸೇರಿಸಿದ್ದೀರೋ, ನೆಲದ ಪಾಲಿಗೆ ಯಾವ ಗುಣಕ, ಯಾವ ಸಿಒಪಿ ಎಂಬುದನ್ನೆಲ್ಲ ನೆಟ್‌ಸಿಡಿಎಫ್ (ಮಾಡೆಲ್‌ನ ದತ್ತಾಂಶ ಇರುವ) ಫೈಲಿನ ಮೆಟಾಡೇಟಾದಲ್ಲೇ ಬರೆದಿಡಿ. ಬೇರೆ ಕಡೆ ಬರೆದಿಟ್ಟ ಟಿಪ್ಪಣಿ ಫೈಲಿನ ಜೊತೆ ಪ್ರಯಾಣ ಮಾಡುವುದಿಲ್ಲ.